ಮನೆಯ ಹಿರಿಯರು ಊಟ ಬಿಟ್ಟರೆ



ಉಳುವ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾವು ಸುಮ್ಮನಿರುವುದಿಲ್ಲ. ಬಾಯಿ ತೆರೆದು ನಾಲಗೆ ನೋಡುತ್ತೇವೆ, ಹೊಟ್ಟೆ ತಟ್ಟಿ ನೋಡುತ್ತೇವೆ, ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಮನೆಯಲ್ಲಿ ತಂದೆಯೋ ತಾಯಿಯೋ ಅರ್ಧ ಮುದ್ದೆಗೇ ಕೈ ತೊಳೆದರೆ ಮಾತ್ರ, “ವಯಸ್ಸಾಯಿತು, ಇನ್ನೆಷ್ಟು ಉಂಡಾರು?” ಎಂದು ಬಿಟ್ಟುಬಿಡುತ್ತೇವೆ. ಇದು ಸರಿಯಲ್ಲ.

ವಯಸ್ಸಾದಂತೆ ಹಸಿವು ಸ್ವಲ್ಪ ತಗ್ಗುವುದು ಸಹಜ. ಮೈಗೆಲಸ ಕಡಿಮೆಯಾಗುತ್ತದೆ, ವಾಸನೆ, ರುಚಿಗಳು ಮಂದವಾಗುತ್ತವೆ, ಉಂಡದ್ದು ಜಠರದಿಂದ ನಿಧಾನವಾಗಿ ಇಳಿಯುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಆದರೆ ಮೈ ಬಡವಾಗುವಷ್ಟು ಊಟ ಇಳಿಯುವುದು ಸಹಜವಲ್ಲ. ಆಹಾರ ಸಾಲದಾದಾಗ ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ. ಕಾಲಿನ ಬಲ ಕುಗ್ಗಿ ಹಿರಿಯರು ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಬಹಳ ಕಷ್ಟ.

ಆದುದರಿಂದ ಕಾರಣವನ್ನು ಹುಡುಕಬೇಕು. ಮೊದಲು ಬಾಯಿ ನೋಡಿರಿ: ಹಲ್ಲುನೋವು, ವಸಡಿನ ಹುಣ್ಣು, ಸಡಿಲವಾದ ಕಟ್ಟಿಸಿದ ಹಲ್ಲು, ಒಣಗಿದ ನಾಲಗೆ ಇವೆಯೇ? ಮಲಬದ್ಧತೆಯಿದ್ದರೂ ಹಸಿವಾಗದು. ಸಕ್ಕರೆ ಕಾಯಿಲೆಯ ಮಾತ್ರೆಯೂ ಸೇರಿ ಕೆಲವು ಔಷಧಿಗಳು ಹಸಿವನ್ನು ಕೆಡಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ವೈದ್ಯರಿಗೆ ತೋರಿಸಿ ಕೇಳಬೇಕು. ಕ್ಷಯ, ಹೊಟ್ಟೆಯ ಹುಣ್ಣು, ಅರ್ಬುದ ಮೊದಲಾದ ರೋಗಗಳು ಸಹ ಮೊದಲು ಊಟದಲ್ಲೇ ಕಾಣಿಸಿಕೊಳ್ಳಬಹುದು.

ಮನಸ್ಸಿನ ಕಾರಣವೂ ಉಂಟು. ಜೊತೆಗಾರರನ್ನು ಕಳೆದುಕೊಂಡವರಿಗೆ ಅನ್ನ ರುಚಿಸದು. ಎಲ್ಲರೂ ಹೊಲಕ್ಕೆ ಹೋದ ಮೇಲೆ ಮುಚ್ಚಿಟ್ಟ ತಣ್ಣನೆಯ ಊಟವನ್ನು ಒಬ್ಬರೇ ಉಣ್ಣಲು ಯಾರಿಗೂ ಮನಸ್ಸಾಗದು. “ದುಡಿಯದ ನಾನು ಮಕ್ಕಳ ಪಾಲನ್ನು ಏಕೆ ಉಣ್ಣಲಿ?” ಎಂದುಕೊಂಡು, ಹಸಿದಿದ್ದರೂ ಸಾಕೆನ್ನುವ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇದಕ್ಕೆ ಔಷಧಿ ಅಂಗಡಿಯಲ್ಲಿ ಸಿಗದು. ದಿನಕ್ಕೆ ಒಂದು ಹೊತ್ತಾದರೂ ಅವರನ್ನು ಜೊತೆಯಲ್ಲಿ ಕೂರಿಸಿಕೊಂಡು ಉಣ್ಣಬೇಕು.

ತಿಂಗಳಿಗೊಮ್ಮೆ ತೂಕ ನೋಡಿ ಪಂಚಾಂಗದಲ್ಲಿ ಬರೆದಿಡಿರಿ. 60 ಕಿಲೋ ಇದ್ದವರು 6 ತಿಂಗಳಲ್ಲಿ 57ಕ್ಕೆ ಇಳಿದರೆ, ಎಂದರೆ ನೂರಕ್ಕೆ 5 ಪಾಲು ಕಡಿಮೆಯಾದರೆ, ವೈದ್ಯರಲ್ಲಿಗೆ ಹೋಗಲೇಬೇಕು. ತೂಕದ ಯಂತ್ರವಿಲ್ಲದಿದ್ದರೆ ರವಿಕೆ ಸಡಿಲವಾಯಿತೇ, ಬಳೆ ಜಾರುತ್ತಿದೆಯೇ, ಉಡಿದಾರ ಇಳಿಯುತ್ತಿದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಊಟವನ್ನು ಎರಡು ದೊಡ್ಡ ಹೊತ್ತಿನ ಬದಲು ಐದಾರು ಸಣ್ಣ ಹೊತ್ತು ಮಾಡಿರಿ. ಬರಿಯ ತಿಳಿಗಂಜಿಯಿಂದ ಹೊಟ್ಟೆ ತುಂಬುತ್ತದೆ, ಬಲ ಬಾರದು. ಗಂಜಿಗೆ ಹಾಲು, ಹುರಿಗಡಲೆ ಹಿಟ್ಟು, ಒಂದು ಚಮಚ ತುಪ್ಪ ಬೆರೆಸಿರಿ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಸಸಾರಜನಕ ಬೇಕು. ಒಂದು ಮೊಟ್ಟೆ, ಒಂದು ಲೋಟ (200 ಮಿಲಿಲೀಟರ್) ಹಾಲು, 30 ಗ್ರಾಂ ಹುರಿಗಡಲೆ, ಇವುಗಳಲ್ಲಿ ಒಂದೊಂದರಿಂದಲೂ ಸುಮಾರು 6 ಗ್ರಾಂ ದೊರೆಯುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಹಲ್ಲಿಲ್ಲದವರಿಗೆ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮೊಸರನ್ನ, ಮಸೆದ ಸೊಪ್ಪು ಒಳ್ಳೆಯದು. ಬಾಯಾರಿಕೆಯೂ ಮಂದವಾಗಿರುವುದರಿಂದ ನೀರು, ಮಜ್ಜಿಗೆಯನ್ನು ಕೇಳುವ ಮೊದಲೇ ಕೊಡಿರಿ.

ನುಂಗುವಾಗ ಕೆಮ್ಮು, ರಕ್ತವಾಂತಿ, ಕಪ್ಪು ಮಲ, ಎರಡು ವಾರ ಮೀರಿದ ಕೆಮ್ಮು ಅಥವಾ ಜ್ವರ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕ್ಷಯದ ಪರೀಕ್ಷೆ, ಔಷಧಿಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಎರಡು ದಿನ ಏನನ್ನೂ ಉಣ್ಣದೆ ಮಂಕಾದವರನ್ನು ಅಂದೇ ತೋರಿಸಬೇಕು.

ನಮಗೆ ತುತ್ತು ಕಲಿಸಿದವರು ಇವರು. ಅವರ ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ದಿನವೂ ನೋಡುವುದು ಮನೆಯವರೆಲ್ಲರ ಕೆಲಸ.