ಗಾಜಿನ ಕಾಲುವೆ

ಕುಮುಳಿಯ ಘಟ್ಟವನ್ನಿಳಿದು ತಮಿಳುನಾಡಿನ ತೇನಿ ಜಿಲ್ಲೆಯ ಲೋಯರ್ ಕ್ಯಾಂಪಿಗೆ ಬರುವವನ ಕಣ್ಣಿಗೆ ಬೀಳುವುದು, ಬೆಟ್ಟದ ಮೈಮೇಲೆ ಸಾಲಾಗಿ ಇಳಿದಿರುವ ದೈತ್ಯಾಕಾರದ ಕೊಳವೆಗಳು. ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರಿನ ನೀರನ್ನು 1895ರಲ್ಲಿ ಪೆನ್ನಿಕ್ವಿಕ್ ಎಂಬ ಎಂಜಿನಿಯರರು ಅಣೆ ಕಟ್ಟಿ ತಡೆದು, ಬೆಟ್ಟದ ಒಡಲನ್ನು ಕೊರೆಸಿ ಪೂರ್ವಕ್ಕೆ ತಿರುಗಿಸಿದುದರಿಂದ ಕಂಬಂ ಕಣಿವೆಯ 14,000 ಎಕರೆಗೂ ಮಿಕ್ಕ ಗದ್ದೆಗಳು ಹಸಿರನ್ನು ಕಂಡವು. ಆ ಕಣಿವೆಯ ರೈತನು ಗದ್ದೆಗೆ ನೀರು ಬಾರದಾದಾಗ ಅಣೆಕಟ್ಟಿನತ್ತ ಓಡುವುದಿಲ್ಲ. ಮೊದಲು ತನ್ನ ಬದುವನ್ನು ನೋಡಿ, ಅನಂತರ ತೂಬನ್ನು ನೋಡಿ, ಅನಂತರ ಕಾಲುವೆಗುಂಟ ಮೇಲ್ಮುಖವಾಗಿ ನಡೆಯುತ್ತ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಇಲ್ಲ ಎಂಬ ಗಡಿಯನ್ನು ಹುಡುಕುತ್ತಾನೆ. ಮನೆಗೆ ಬರುವ ಇಂಟರ್ನೆಟ್ಟು ಗಳಿಗೆಗೊಮ್ಮೆ ಕಡಿದುಹೋಗುವ ಪಿಡುಗಿಗೆ ಇದಕ್ಕಿಂತ ಉತ್ತಮವಾದ ವಿಧಾನವನ್ನು ನಾನರಿಯೆ.

ಆಷಾಢದಲ್ಲಿ ನಾನು ಕೆಲವು ದಿನ ಕಂಬಂ ಪಟ್ಟಣದ ಹೊರವಲಯದ ಒಂದು ಕಪ್ಪಿಲಿಯರ ಮನೆಯಲ್ಲಿ ಅತಿಥಿಯಾಗಿದ್ದೆ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಈ ಬೇಸಾಯಗಾರರು ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುತ್ತಾರೆ. ಕಂಬಂನಲ್ಲಿ ಅವರು ಸಾಕಿಕೊಂಡು ಬಂದ ಪವಿತ್ರ ಗೋವುಗಳ ಮಂದೆಗೆ 'ದೇವರು ಆವು' ಎಂಬ ಹೆಸರಿದ್ದುದನ್ನು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥ ದಾಖಲಿಸಿದೆ. ನಾವು ಹಳೆಯ ಕಾವ್ಯಗಳಲ್ಲಿ ಮಾತ್ರ ಓದುವ 'ಆವು' ಎಂಬ ಶಬ್ದವು ಸಹ್ಯಾದ್ರಿಯ ಆಚೆಯ ತುದಿಯಲ್ಲಿ ಜನರ ಬಾಯಲ್ಲಿ ಉಳಿದು ಬಂದಿತೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಆ ಮನೆಯ ಮೊಮ್ಮಗಳು ದಿಂಡಿಗಲ್ ಬಳಿಯ ಗಾಂಧಿಗ್ರಾಮದಲ್ಲಿ ಓದುತ್ತಿದ್ದಳು. ಸಂಜೆಯ ಹೊತ್ತು ಅವಳು ಫೋನಿನಲ್ಲಿ ಮುಖ ತೋರಿಸಿ ಮಾತನಾಡುವುದೇ ಅಜ್ಜಿಯ ದಿನದ ಹಿರಿದಾದ ಸುಖ. ಆದರೆ ಗಾಳಿ ಬೀಸತೊಡಗಿತೆಂದರೆ ಆ ಮುಖವು ಅರೆಮಾತಿನಲ್ಲಿಯೇ ಸ್ತಬ್ಧವಾಗಿ, ಮರುಗಳಿಗೆ ಮಾಯವಾಗುತ್ತಿತ್ತು. ತೆಂಗಿನ ಗರಿ ತಂತಿಗೆ ಬಡಿಯುವುದೇ ಇದಕ್ಕೆ ಕಾರಣವೆಂದು ಮನೆಯವರೆಲ್ಲ ನಂಬಿದ್ದರು. ಇಂಟರ್ನೆಟ್ ಸಂಪರ್ಕ ಕೊಟ್ಟವರು ಬಂದು ರೌಟರ್ ಪೆಟ್ಟಿಗೆಯನ್ನು ಬದಲಾಯಿಸಿ ಹೋಗಿದ್ದರೂ ತೊಂದರೆ ತೊಲಗಿರಲಿಲ್ಲ.

ಗದ್ದೆಯ ಬದುವೆಂದರೆ ಇಲ್ಲಿ ವೈಫೈ. ಗೋಡೆಯ ಮೇಲಿನ ಪೆಟ್ಟಿಗೆಯಿಂದ ಕೈಯಲ್ಲಿರುವ ಫೋನಿನವರೆಗಿನ ಈ ಕೊನೆಯ ಹತ್ತು ಮೊಳದ ದಾರಿಯಲ್ಲಿಯೇ ಬಹುಪಾಲು ಮನೆಗಳ ದೋಷ ಅಡಗಿರುತ್ತದೆ. ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳು ದಪ್ಪ ಗೋಡೆಯಲ್ಲಿ ಸೊರಗುತ್ತವೆ, ನೀರಿನ ತೊಟ್ಟಿಯಲ್ಲಿ ಹೀರಲ್ಪಡುತ್ತವೆ, ಕಬ್ಬಿಣದ ಬೀರುವಿಗೆ ತಾಗಿ ಹಿಂದಿರುಗುತ್ತವೆ. ನೆರೆಮನೆಯ ಪೆಟ್ಟಿಗೆಯೂ ಅದೇ ಚಾನೆಲ್ಲಿನಲ್ಲಿ ನುಡಿಯುತ್ತಿದ್ದರೆ ಎರಡೂ ಒಂದಕ್ಕೊಂದು ಕಾದು ನಿಲ್ಲಬೇಕಾಗುತ್ತದೆ. ಈ ಅಲೆಗಳಲ್ಲಿ 1, 6, 11 ಎಂಬ ಮೂರು ಚಾನೆಲ್ಲುಗಳು ಪರಸ್ಪರ ಅಡ್ಡಬರದವಾದುದರಿಂದ ಅವುಗಳಲ್ಲಿ ಬಿಡುವಾದುದನ್ನು ಆರಿಸಿಕೊಳ್ಳುವುದು ಲೇಸು. ಬದುವನ್ನು ಪರೀಕ್ಷಿಸುವ ಬಗೆಯೂ ಸರಳವಾದುದೇ: ಲ್ಯಾಪ್‌ಟಾಪನ್ನು ಒಂದು ಕೇಬಲ್ಲಿನಿಂದ ಪೆಟ್ಟಿಗೆಗೆ ನೇರವಾಗಿ ಜೋಡಿಸಿ, ಮೊದಲು ಪೆಟ್ಟಿಗೆಗೇ 'ಪಿಂಗ್' ಕಳುಹಿಸಿ, ಅನಂತರ ಹೊರಗಿನ ಲೋಕದ ಯಾವುದಾದರೊಂದು ವಿಳಾಸಕ್ಕೆ ಕಳುಹಿಸಬೇಕು. ಪಿಂಗ್ ಎಂಬುದು ಕತ್ತಲೆಯಲ್ಲಿ ಕೂಗಿ ಓಗೊಡುವಿಕೆಗೆ ಕಿವಿಗೊಡುವಂಥದು. ನಮ್ಮ ಪರೀಕ್ಷೆಯಲ್ಲಿ ಪೆಟ್ಟಿಗೆಯು ಒಂದು ಕೂಗಿಗೂ ತಪ್ಪದೆ ಓಗೊಟ್ಟಿತು. ಹೊರಲೋಕವು ಗಾಳಿ ಬೀಸಿದಾಗ ಮೌನ ತಾಳಿತು. ಗಡಿ ಪೆಟ್ಟಿಗೆಯಿಂದ ಮೇಲಕ್ಕಿದೆಯೆಂಬುದು ಅಲ್ಲಿಗೆ ನಿಶ್ಚಯವಾಯಿತು. ಹನ್ನೆರಡು ವೋಲ್ಟಿನ ಅಡಾಪ್ಟರು ಹಳತಾಗಿ ಸೋತಾಗ ಪೆಟ್ಟಿಗೆ ತಾನಾಗಿಯೇ ಆರಿ ಹೊತ್ತಿಕೊಳ್ಳುವುದುಂಟು, ಇಲ್ಲಿ ಹಾಗಾಗಿರಲಿಲ್ಲ. ಆರದೆ ಉರಿಯುತ್ತಿದ್ದ ದೀಪಗಳ ನಡುವೆ ಒಂದು ಮಾತ್ರ ಕೆಂಪಗೆ ಮಿಣುಕುತ್ತಿತ್ತು: ಬೆಳಕು ಬರುತ್ತಿಲ್ಲವೆಂಬುದರ ಸೂಚನೆ ಅದು.

ಯಾವ ಬೆಳಕು? ಮನೆಗೆ ಬಂದಿರುವ ಆ ಸಣ್ಣ ತಂತಿಯೊಳಗೆ ಇರುವುದು ತಾಮ್ರವಲ್ಲ, ಗಾಜು; 125 ಮೈಕ್ರಾನ್ ದಪ್ಪದ, ಎಂದರೆ ಹೆಚ್ಚುಕಡಮೆ ತಲೆಗೂದಲಿನಷ್ಟೇ ಸ್ಥೂಲವಾದ ಎಳೆ; ಅದರ ನಡುವೆ ಬೆಳಕು ಸಂಚರಿಸುವ ತಿರುಳು ಕೇವಲ 9 ಮೈಕ್ರಾನ್. ಚಿಮ್ಮುವ ನೀರಿನ ಧಾರೆಯೊಳಗೆ ಹೊಕ್ಕ ಬೆಳಕು ಹೊರಗೆ ಸೋರಿಹೋಗದೆ ಧಾರೆಯೊಡನೆ ಬಾಗಿ ಇಳಿಯುವುದನ್ನು ಜಿನೀವಾದಲ್ಲಿ ಕೊಲಾಡನ್ ಎಂಬ ಭೌತವಿಜ್ಞಾನಿ 1840ರ ದಶಕದ ಆರಂಭದಲ್ಲಿಯೇ ತೋರಿಸಿದ್ದನು. ಒಂದು ಮಿತಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣವು ಅಂಚಿನಿಂದ ಸಂಪೂರ್ಣವಾಗಿ ಪ್ರತಿಫಲಿತವಾಗಿ ಒಳಗೇ ಉಳಿಯುತ್ತದೆ. ಕಂಬಂ ಬಳಿಯ ಸುರುಳಿ ಜಲಪಾತದ ನೀರಿಗೂ ಗಾಜಿನ ಎಳೆಗೂ ನಿಯಮ ಒಂದೇ. ಆದರೆ ಅಂದಿನ ಗಾಜು ಮಲಿನವಾದುದು. ದೋಷವು ಗಾಜಿನ ಸ್ವಭಾವದಲ್ಲಿಲ್ಲ, ಅದರಲ್ಲಿ ಬೆರೆತ ಕಲ್ಮಶದಲ್ಲಿದೆ ಎಂದು 1966ರಲ್ಲಿ ಪ್ರತಿಪಾದಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಒಂದು ಕಿಲೋಮೀಟರ್ ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂಬುದು ಅವರು ಇರಿಸಿದ ಗುರಿ. ಇಂದಿನ ಎಳೆಯಲ್ಲಿ ಅಷ್ಟೇ ದೂರಕ್ಕೆ ನೂರರಲ್ಲಿ 92 ಪಾಲಿಗಿಂತ ಹೆಚ್ಚು ಉಳಿಯುತ್ತದೆ.

ಇಷ್ಟಾದರೂ ಆ ಬೆಳಕು ಒಂದೇ ಮನೆಯ ಸ್ವತ್ತಲ್ಲ. ತೂಬಿನ ಬಳಿ ಕಾಲುವೆ ಕವಲೊಡೆಯುವಂತೆ, ಬೀದಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಎಳೆಯ ಬೆಳಕು ಹಲವು ಮನೆಗಳಿಗೆ, ಅನೇಕ ವೇಳೆ 32 ಮನೆಗಳಿಗೆ, ಹಂಚಿಹೋಗುತ್ತದೆ. ಹೋಗುವ ಸಂದೇಶಕ್ಕೆ ಪ್ರತಿಯೊಂದು ಮನೆಗೂ ಸರದಿಯ ಕ್ಷಣವನ್ನು ಗೊತ್ತುಮಾಡಿರುವುದರಿಂದ, ಕೆಟ್ಟುಹೋದ ಒಂದೇ ಒಂದು ಪೆಟ್ಟಿಗೆ ಸರದಿ ತಪ್ಪಿ ಬೆಳಗಿದರೆ ಇಡೀ ಕೇರಿಯ ಸಂಪರ್ಕ ಕದಡುವುದೂ ಉಂಟು. ಆದಕಾರಣ ನೆರೆಮನೆಯನ್ನು ವಿಚಾರಿಸಿದೆವು. ಅಲ್ಲಿ ಎಲ್ಲವೂ ಸುಗಮವಾಗಿತ್ತು. ತೂಬಿಗೂ ನಮಗೂ ನಡುವೆ ಉಳಿದದ್ದು ಒಂದೇ ತಂತಿ.

ಬ್ರೌಸರಿನಲ್ಲಿ ತೆರೆಯುವ ಪೆಟ್ಟಿಗೆಯ ಒಳಪುಟದಲ್ಲಿ ಬೆಳಕಿನ ಬಲವು ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ. ಸೊನ್ನೆಯೆಂದರೆ ಒಂದು ಮಿಲಿವಾಟ್. ಮೂರು ಅಂಕಿ ಇಳಿದಂತೆಲ್ಲ ಬಲ ಅರ್ಧಕ್ಕರ್ಧ ಇಳಿಯುತ್ತದೆ. ಮೈನಸ್ 27ರಲ್ಲಿ ಉಳಿಯುವುದು ಮಿಲಿವಾಟಿನ ಐನೂರರಲ್ಲೊಂದು ಭಾಗ, ಮತ್ತು ಸಾಮಾನ್ಯವಾದ ಪೆಟ್ಟಿಗೆಗಳು ಓದಬಲ್ಲ ಕೊನೆಯ ಮಿತಿ ಬಹುಮಟ್ಟಿಗೆ ಅದೇ. ನಾವು ನೋಡಿದಾಗ ಅಂಕಿ ಮೈನಸ್ 21 ಇದ್ದಿತು. ಹೊರಗೆ ಗಾಳಿ ಎದ್ದು ತೆಂಗಿನ ತೋಟವೆಲ್ಲ ಭೋರ್ಗರೆಯಿತು, ಅಂಕಿ ಕದಲಲಿಲ್ಲ. ಅಷ್ಟರಲ್ಲಿ ಕಿಟಕಿಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅಂಕಿ ಮೈನಸ್ 28ಕ್ಕೆ ಕುಸಿದು, ಕೆಂಪು ದೀಪ ಮಿಣುಕಿತು.

ತಂತಿ ಒಳಬಂದುದು ಆ ಕಿಟಕಿಯ ಚೌಕಟ್ಟಿನ ಸಂದಿನಿಂದ. ಮರುದಿನ ಮುಸ್ಸಂಜೆ ಬಂದ ಲೈನ್‌ಮನ್ ಯುವಕನು ಪೆನ್ನಿನಾಕಾರದ ಒಂದು ಸಲಕರಣೆಯಿಂದ ಎಳೆಯೊಳಕ್ಕೆ ಕೆಂಪು ಲೇಸರ್ ಬೆಳಕನ್ನು ಹಾಯಿಸಿ, ಕೋಣೆಯ ದೀಪವಾರಿಸಿ, ಕಿಟಕಿಯನ್ನು ಮೆಲ್ಲಗೆ ಮುಚ್ಚಿದನು. ತಿರುಗಣಿಯ ಬಳಿ, ತಂತಿಯ ಬಿಳಿಯ ಕವಚದ ಮೂಲಕ, ಗುಲಗಂಜಿಯಷ್ಟು ಗಾತ್ರದ ಕೆಂಪು ಹೊಳಪೊಂದು ಮೂಡಿತು. ಬಾಗಿಲು ತಂತಿಯನ್ನು ಒತ್ತಿ ಮೊನಚಾಗಿ ಬಾಗಿಸಿದೊಡನೆ, ಅಂಚಿಗೆ ಬಂದ ಬೆಳಕು ಒಳಗೇ ಉಳಿಯುವಷ್ಟು ಓರೆಯನ್ನು ಕಳೆದುಕೊಂಡು ಹೊರಗೆ ಸೋರುತ್ತಿತ್ತು. ಬದು ಒಡೆದು ನೀರು ಹೊರಬಿದ್ದ ಜಾಗವನ್ನು ಕಣ್ಣಾರೆ ಕಂಡಂತಾಯಿತು. ಅಜ್ಜಿ ಹತ್ತಿರ ಬಂದು, ಕನ್ನಡಕವನ್ನು ಸರಿಪಡಿಸಿಕೊಂಡು, ಆ ಹೊಳಪಿನ ಮೇಲೆ ಬೆರಳಿಟ್ಟು ನೋಡಿದರು; ಬಿಸಿಯಿಲ್ಲವೆಂದು ಅವರಿಗೆ ಅಚ್ಚರಿಯಾಯಿತು.

ಅವನು ಗೋಡೆಯಲ್ಲಿ ಬೇರೊಂದು ರಂಧ್ರ ಕೊರೆದು, ತಂತಿಯನ್ನು ಮೂರು ಸೆಂಟಿಮೀಟರಿಗೆ ಕಡಮೆಯಿಲ್ಲದ ತ್ರಿಜ್ಯದಲ್ಲಿ ಸಡಿಲವಾಗಿ ಸುತ್ತಿ, ಜೋಡಣೆಯ ತುದಿಯನ್ನು ಒರೆಸಿ ಸಿಕ್ಕಿಸಿದನು. ಅಂಕಿ ಮೈನಸ್ 20 ಎಂದಿತು. ಆ ರಾತ್ರಿ ಗಾಳಿ ಮತ್ತೆ ಎದ್ದು ಕಿಟಕಿಯನ್ನು ಎರಡು ಸಲ ಬಡಿಯಿತು. ಗಾಂಧಿಗ್ರಾಮದ ಹುಡುಗಿ ಊಟಕ್ಕೇನಿತ್ತೆಂಬುದನ್ನು ಅಜ್ಜಿಗೆ ಹೇಳುತ್ತಲೇ ಇದ್ದಳು.