ನಿಶ್ಶಬ್ದದ ಬೆಲೆ
ಉಳಿದೆಲ್ಲವೂ ಸಮನಾಗಿರುವ ಎರಡು ಮನೆಗಳಲ್ಲಿ ಒಂದು ಹೆದ್ದಾರಿಯ ಅಂಚಿನಲ್ಲಿದ್ದು, ಇನ್ನೊಂದು ಒಳಬೀದಿಯಲ್ಲಿದ್ದರೆ, ಅವುಗಳ ಬೆಲೆಯ ಅಂತರವನ್ನೇ ಅರ್ಥಶಾಸ್ತ್ರಜ್ಞರು ನಿಶ್ಶಬ್ದದ ಮೌಲ್ಯವೆಂದು ಎಣಿಸುತ್ತಾರೆ. ಇಂತಹ ಹಲವು ಅಧ್ಯಯನಗಳನ್ನು 1982ರಲ್ಲಿ ಪರಾಮರ್ಶಿಸಿದ ಅಮೆರಿಕದ ಜಾನ್ ನೆಲ್ಸನ್ ಅವರು, ವಾಹನಗಳ ಸದ್ದು ಒಂದು ಡೆಸಿಬಲ್ ಏರಿದರೆ ಮನೆಯ ಬೆಲೆ ಸರಾಸರಿ ಶೇ. 0.4ರಷ್ಟು ಇಳಿಯುವುದೆಂದು ಕಂಡರು. 10 ಡೆಸಿಬಲ್ ತಗ್ಗಿಸಿದರೆ ಲಾಭ ಶೇ. 4. ನಮ್ಮಲ್ಲಿ ಅಂಗಡಿಯ ಆಸೆಗೆ ರಸ್ತೆಬದಿಗೇ ಬೆಲೆ ಹೆಚ್ಚು. ಆ ಮಾತು ಬೇರೆ.

ವೈದ್ಯರಾದ ನಮಗೆ ಈ ಎಣಿಕೆ ಕಡಿಮೆಯೆನಿಸುತ್ತದೆ. ಕೊಳ್ಳುವವರು ಹಗಲಿನಲ್ಲಿ ಕಿವಿಗೆ ಬಿದ್ದುದನ್ನಷ್ಟೇ ತೂಗುತ್ತಾರೆ. ಇರುಳಿನ ಸದ್ದಿಗೆ, ಎಚ್ಚರವಾಗದೆಯೂ ಹೃದಯಬಡಿತ ಏರುವುದು ಅವರ ಲೆಕ್ಕಕ್ಕೆ ಬಾರದು. ಚರಕಸಂಹಿತೆಯಾದರೋ ನಿದ್ರೆಯನ್ನು ಶರೀರದ ಮೂರು ಉಪಸ್ತಂಭಗಳಲ್ಲಿ ಒಂದೆನ್ನುತ್ತದೆ. ನಮ್ಮ ದೇಶದ 2000ದ ನಿಯಮವೂ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿದೆ.

ಮನೆ ಕೊಳ್ಳುವ ಸದ್ಭಕ್ತರು ಒಮ್ಮೆ ರಾತ್ರಿಯೂ ಅಲ್ಲಿ ಕುಳಿತು ಆಲಿಸಲಿ. ಈಗಾಗಲೇ ರಸ್ತೆಬದಿಯಲ್ಲಿರುವವರು ಹಾಸಿಗೆಯನ್ನು ಹಿತ್ತಿಲ ಕಡೆಯ ಕೋಣೆಗೆ ಸಾಗಿಸಿಕೊಳ್ಳಲಿ.