ಕೊಬ್ಬರಿ, ಗೊಬ್ಬರ ಎರಡೂ ಒಂದೇ ಎನ್ನುವ ಬಾಟ್

“ಕೊಬ್ಬರಿ ದರ ಎಷ್ಟು?” ಎಂದು ಒಬ್ಬರು ಕೇಳುತ್ತಾರೆ. “ಗೊಬ್ಬರ ದರ ಎಷ್ಟು?” ಎಂದು ಇನ್ನೊಬ್ಬರು. ನಮ್ಮ ಹೊಸದುರ್ಗ ಸೀಮೆಯಲ್ಲಿ ಮೊದಲನೆಯದು ಮನೆಗೆ ದುಡ್ಡು ಬರುವ ಮಾತು, ಎರಡನೆಯದು ಹೋಗುವ ಮಾತು. ಇವೆರಡನ್ನು ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ಆದರೆ ವಾಕ್ಯವನ್ನು ಪದಗಳಾಗಿ ಒಡೆಯಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸೈಕಿಟ್ ಲರ್ನ್ ಎಂಬ ಪೈಥಾನ್ ಲೈಬ್ರರಿ ಇದೆಯಲ್ಲ, ಅದರ ಕೌಂಟ್ ವೆಕ್ಟರೈಸರ್‌ಗೆ ಈ ಎರಡು ವಾಕ್ಯ ಕೊಟ್ಟು, ಸೆಟ್ಟಿಂಗ್ ಏನನ್ನೂ ಮುಟ್ಟದೆ ನೋಡಿ. ಎರಡಕ್ಕೂ ಸಿಗುವ ಪದಗಳು ಒಂದೇ: ಬರ, ದರ, ಎಷ.

ಕಾರಣ ಸರಳ. ಯಾವುದು ಅಕ್ಷರ ಎಂಬ ಅದರ ನಿಯಮದಲ್ಲಿ ಕ, ಬ, ರ ಸೇರುತ್ತವೆ. ಕೊಂಬು, ಗುಡಿಸು, ಒತ್ತಕ್ಷರಕ್ಕೆ ಬೇಕಾದ ಹಲಂತ ಸೇರುವುದಿಲ್ಲ. ಅವು ಬಂದ ಕಡೆಯೆಲ್ಲ ಪದ ಮುರಿಯುತ್ತದೆ. ಮುರಿದ ಮೇಲೆ ಉಳಿದ ಒಂಟಿ ಅಕ್ಷರಗಳನ್ನು ಅದು ಎಸೆದುಬಿಡುತ್ತದೆ. ಹಾಗಾಗಿ ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಆಗುತ್ತದೆ. ನಮ್ಮೂರು ಮತ್ತೋಡು ಬರೀ ‘ಮತ’ ಆಗುತ್ತದೆ (ಚುನಾವಣೆ ಹತ್ತಿರವಿದ್ದರೆ ಅದೂ ಸರಿಯೇ). ರಾಗಿ, ತೆಂಗು ಗುರುತೂ ಇಲ್ಲದಂತೆ ಮಾಯ. ಸರಿಪಡಿಸಲು ಒಂದು ಸಾಲು ಸಾಕು, ಖಾಲಿ ಜಾಗ ನೋಡಿಕೊಂಡು ಪದ ಒಡೆ ಎಂದು ಹೇಳಿದರಾಯಿತು. ಆದರೆ ಹಾಗೆ ಹೇಳಬೇಕು ಅನ್ನುವುದು ಕನ್ನಡದಲ್ಲಿ ಒಮ್ಮೆ ಕೇಳಿ ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ದಾವಣಗೆರೆಯಲ್ಲಿ ಬಿ.ಇ. ಓದುವ ನಾನು ಮತ್ತು ಬೇರೆ ಬೇರೆ ಕಾಲೇಜಿನ ಕೆಲವು ಗೆಳೆಯರು ಸೇರಿ ಬಿಡುವಿನಲ್ಲಿ ಚಾಟ್‌ಬಾಟ್ ಕಟ್ಟುತ್ತೇವೆ. ಬಾಟ್ ಒಂದು ಚೌಕಟ್ಟು ಅಷ್ಟೇ. ಅದಕ್ಕೆ ಕೆಲಸ ಕಲಿಸುವುದು ಪ್ಲಗಿನ್‌ಗಳು. ಬಸ್ ಸಮಯ ಹೇಳುವುದೊಂದು, ಸ್ಕಾಲರ್‌ಶಿಪ್ ಕೊನೆಯ ದಿನಾಂಕ ನೆನಪಿಸುವುದೊಂದು, ಮಾರುಕಟ್ಟೆ ದರ ತರುವುದೊಂದು. ಒಬ್ಬರು ಬರೆದದ್ದನ್ನು ಎಲ್ಲರೂ ಬಳಸಲಿ ಎಂದು ಒಂದೇ ಕಡೆ ಇಡುತ್ತೇವೆ. ಲೋಕದಲ್ಲೂ ಈಗ ಇದೇ ಗಾಳಿ. 2024ರ ಜನವರಿಯಲ್ಲಿ ಜಿಪಿಟಿ ಸ್ಟೋರ್ ತೆರೆದಾಗ, ಬಳಕೆದಾರರು ಆಗಲೇ 30 ಲಕ್ಷಕ್ಕೂ ಹೆಚ್ಚು ಜಿಪಿಟಿಗಳನ್ನು ಮಾಡಿದ್ದಾರೆ ಎಂದು ಓಪನ್‌ಎಐ ಹೇಳಿತ್ತು. ಮಾಡುವುದು ಸುಲಭವಾಗಿದೆ. ಮಾಡಿದ್ದು ಚೆನ್ನಾಗಿದೆಯೇ ಎಂದು ನೋಡುವವರು ಯಾರು ಎಂಬುದು ಮಾತ್ರ ಹಾಗೇ ಉಳಿದಿದೆ.

ಸ್ಟಾರ್ ರೇಟಿಂಗ್ ಇದೆಯಲ್ಲ, ಡೌನ್‌ಲೋಡ್ ಲೆಕ್ಕ ಇದೆಯಲ್ಲ ಎನ್ನಬಹುದು. ನಮ್ಮ ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಬಳಕೆಯಾಗುತ್ತಿದ್ದದ್ದು ದರ ತರುವ ಪ್ಲಗಿನ್. ಬರೆದದ್ದು ಸೀನಿಯರ್ ಒಬ್ಬರು, ಅಚ್ಚುಕಟ್ಟಾದ ಕೋಡ್. ಅದು ದರ ಪ್ರಕಟಿಸುವ ಒಂದು ಜಾಲತಾಣವನ್ನು ಓದಿ ಉತ್ತರ ಕೊಡುತ್ತಿತ್ತು. ಒಂದು ದಿನ ಆ ಜಾಲತಾಣದ ಪಟ್ಟಿಯ ವಿನ್ಯಾಸ ಬದಲಾಯಿತು. ಪ್ಲಗಿನ್‌ಗೆ ಹೊಸ ದರ ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳುವ ಬದಲು, ತನ್ನಲ್ಲಿ ಉಳಿದಿದ್ದ ಕೊನೆಯ ದರವನ್ನೇ ದಿನವೂ ಒಪ್ಪಿಸುತ್ತಾ ಹೋಯಿತು. ಯಾರೂ ಸ್ಟಾರ್ ಕಡಿಮೆ ಮಾಡಲಿಲ್ಲ. ಉತ್ತರ ಥಟ್ಟನೆ ಬರುತ್ತಿತ್ತಲ್ಲ!

ಕಂಡುಹಿಡಿದದ್ದು ನಮ್ಮ ದೊಡ್ಡಪ್ಪ. ಅವರಿಗೆ ಕೋಡ್ ಗೊತ್ತಿಲ್ಲ, ಕೊಬ್ಬರಿ ಗೊತ್ತು. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಇಟ್ಟು ಒಣಗಿಸಬೇಕು. ಅಷ್ಟು ಕಾದವರು ಯಾವ ವಾರ ಮಾರಬೇಕು ಎಂಬುದನ್ನು ಸುಮ್ಮನೆ ತೀರ್ಮಾನಿಸುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಬಾಟ್ ಹೇಳಿದ ದರ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾವತ್ತಿನ ರೇಟವ್ವಾ?” ಪರದೆಯ ಮೇಲೆ ದಿನಾಂಕವೇ ಇರಲಿಲ್ಲ. ತಿಪಟೂರಿನ ಮಂಡಿಗೆ ಫೋನ್ ಮಾಡಿದರು, ಬೇರೆ ದರ ಬಂತು. “ನಿಮ್ ಮಿಷಿನ್ನು ಸುಳ್ ಹೇಳಲ್ಲ ಬಿಡು, ಹಳೇದ್ ಹೇಳ್ತೈತೆ” ಎಂದು ನಕ್ಕರು. ಮಂಡಿಯಲ್ಲಿ ಗುರುತಿರುವವರು ಅವರಿಗೆ ಇದ್ದರು. ಗುರುತಿಲ್ಲದವರು, ಹೊಸದಾಗಿ ತೋಟ ಮಾಡಿದವರು ಬಾಟನ್ನೇ ನಂಬಿದ್ದರೆ?

ಅಂದಿನಿಂದ ನನಗೆ ಅನ್ನಿಸಿದ್ದು, ಕೆಟ್ಟು ನಿಂತ ಪ್ಲಗಿನ್ ಅಂಥ ಅಪಾಯವಲ್ಲ. ಕೆಟ್ಟಿದ್ದೂ ಮಾತಾಡುವ ಪ್ಲಗಿನ್ ಅಪಾಯ.

ಈ ತಲೆನೋವು ನಮಗೇ ಮೊದಲು ಬಂದದ್ದೇನಲ್ಲ. ಗಿಟ್‌ಹಬ್ ಕಂಪನಿ ತನ್ನ ಸಿಬ್ಬಂದಿಯ ಚಾಟ್ ಕೋಣೆಗೆಂದು ಮಾಡಿಕೊಂಡಿದ್ದ ಹುಬಾಟ್ ಎಂಬ ಬಾಟನ್ನು 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಜಗತ್ತಿನ ಮೂಲೆಮೂಲೆಯಿಂದ ಜನ ಅದಕ್ಕೆ ಸ್ಕ್ರಿಪ್ಟ್ ಬರೆದು ಒಂದೇ ಉಗ್ರಾಣಕ್ಕೆ ತುಂಬಿದರು. ಯಾರೋ ಬರೆದ, ಯಾವುದೋ ಸೇವೆಗೆ ಜೋಡಿಸಿದ ಸ್ಕ್ರಿಪ್ಟ್ ಇನ್ನೂ ಓಡುತ್ತದೆಯೇ ಎಂದು ಉಗ್ರಾಣ ಕಾಯುವ ನಾಲ್ಕು ಜನ ಹೇಗೆ ನೋಡುತ್ತಾರೆ? ಆ ಸೇವೆಯ ಖಾತೆಯೇ ಅವರ ಬಳಿ ಇರುವುದಿಲ್ಲ. ಕೊನೆಗೆ ಉಗ್ರಾಣಕ್ಕೆ ಹೊಸದನ್ನು ಸೇರಿಸುವುದನ್ನೇ ನಿಲ್ಲಿಸಿ, ಪ್ರತಿ ಸ್ಕ್ರಿಪ್ಟೂ ಎನ್‌ಪಿಎಂನಲ್ಲಿ ತನ್ನದೇ ಪ್ಯಾಕೇಜ್ ಆಗಲಿ, ತನ್ನ ಒಡೆಯ ತಾನೇ ನೋಡಿಕೊಳ್ಳಲಿ ಎಂದರು. ಅವರಿಂದ ನಾವು ಕದ್ದದ್ದು ಇನ್ನೊಂದು ಸಣ್ಣ ಸಂಗತಿಯನ್ನು. ಹುಬಾಟ್ ಸ್ಕ್ರಿಪ್ಟ್‌ಗಳ ತಲೆಯ ಮೇಲೆ ಕೆಲವು ಸಾಲುಗಳಿರುತ್ತವೆ: ಇದು ಏನು ಮಾಡುತ್ತದೆ, ಏನೇನು ಬೇಕು, ಯಾವ ಆಜ್ಞೆಗೆ ಓಗೊಡುತ್ತದೆ, ಬರೆದವರು ಯಾರು. ಕೊಬ್ಬರಿ ಚೀಲದ ಮೇಲೆ ಮಾರ್ಕು ಹಾಕಿದ ಹಾಗೆ. ನೋಡಲು ಏನೂ ಅಲ್ಲ, ಆದರೆ ಅದಿಲ್ಲದ ಪ್ಲಗಿನನ್ನು ಈಗ ನಾವು ತೆಗೆದುಕೊಳ್ಳುವುದಿಲ್ಲ.

‘ಬರೆದವರು ಯಾರು’ ಎಂಬ ಸಾಲು ಕಾಲೇಜು ಹುಡುಗರ ಮಟ್ಟಿಗೆ ಸ್ವಲ್ಪ ತಮಾಷೆಯದು. ಬರೆದವರು ಎಂಟನೇ ಸೆಮಿಸ್ಟರ್ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಪಿಜಿಯಲ್ಲಿ ಇಡ್ಲಿ ತಿನ್ನುತ್ತಾ ನಮ್ಮ ಮೆಸೇಜಿಗೆ “ಭಾನುವಾರ ನೋಡ್ತೀನಿ ಕಣೇ” ಎನ್ನುತ್ತಾರೆ. ಆ ಭಾನುವಾರ ಬರುವುದಿಲ್ಲ. ತಪ್ಪು ಅವರದಲ್ಲ. ಹೊಸ ಕೆಲಸ, ಹೊಸ ಊರು. ಆದರೆ ಪ್ರತಿ ವರ್ಷ ಒಂದು ಬ್ಯಾಚ್ ಹೋದಾಗ ಒಂದಷ್ಟು ಪ್ಲಗಿನ್‌ಗಳು ಅನಾಥವಾಗುತ್ತವೆ.

ಅನಾಥ ಕೋಡ್ ಯಾರ ಕೈಗೆ ಸಿಗುತ್ತದೆ ಎಂಬುದಕ್ಕೆ 2018ರ ಈವೆಂಟ್ ಸ್ಟ್ರೀಮ್ ಪ್ರಕರಣ ಓದಿ. ಲಕ್ಷಾಂತರ ಜನ ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಅದು. ಮೂಲ ಲೇಖಕರಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದು ಅಪರಿಚಿತರೊಬ್ಬರು ಕೇಳಿದರು, ಇವರು ಕೊಟ್ಟರು. ಸ್ವಲ್ಪ ದಿನಕ್ಕೆ ಅದರ ಜೊತೆ ಒಂದು ಹೊಸ ತುಣುಕು ಸೇರಿಕೊಂಡಿತು. ಅದರ ಕಣ್ಣು ಇದ್ದದ್ದು ಒಂದು ಬಿಟ್‌ಕಾಯಿನ್ ವಾಲೆಟ್ ಆ್ಯಪ್‌ನ ಮೇಲೆ. ಕದಿಯುವ ಕೋಡ್ ಕಿಟಕಿ ಒಡೆದು ಬಂದದ್ದಲ್ಲ, ಬೀಗದ ಕೈ ಕೇಳಿ ಪಡೆದೇ ಒಳಗೆ ಬಂತು.

ಹಾಗಾಗಿ ನಮ್ಮಲ್ಲಿ ಪ್ಲಗಿನ್‌ಗೆ ಒಬ್ಬರಲ್ಲ, ಇಬ್ಬರು ಒಡೆಯರು. ಎರಡನೆಯವರು ಕಡ್ಡಾಯವಾಗಿ ಕೆಳಗಿನ ಬ್ಯಾಚಿನವರು. ಇಬ್ಬರೂ ಇಲ್ಲವಾದರೆ ಪ್ಲಗಿನ್ ತಾನಾಗಿ ‘ನಿವೃತ್ತ’ ಪಟ್ಟಿಗೆ ಹೋಗುತ್ತದೆ. ಕೋಡ್ ಓದಲು ಸಿಗುತ್ತದೆ, ಬಾಟ್‌ಗೆ ಜೋಡಿಸಲು ಸಿಗುವುದಿಲ್ಲ. ಎಷ್ಟು ಸ್ಟಾರ್ ಇದ್ದರೂ ಅಷ್ಟೇ.

ಪರೀಕ್ಷಿಸಿ ಒಪ್ಪಿದ ಮೇಲೆ ಮುಗಿಯಿತು ಎನ್ನುವಂತೆಯೂ ಇಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆಜಾನ್ ಅಲೆಕ್ಸಾದ 90 ಸಾವಿರಕ್ಕೂ ಹೆಚ್ಚು ‘ಸ್ಕಿಲ್’ಗಳನ್ನು ಜಾಲಾಡಿ 2021ರಲ್ಲಿ ಪ್ರಬಂಧ ಪ್ರಕಟಿಸಿದರು. ಕಂಪನಿಯ ಪರಿಶೀಲನೆಯಲ್ಲಿ ಪಾಸಾದ ನಂತರವೂ ಸ್ಕಿಲ್ ಬರೆದವರು ತಮ್ಮ ಸರ್ವರ್‌ನಲ್ಲಿರುವ ಕೋಡನ್ನು ಬದಲಿಸಿ, ಬೇರೆಯದನ್ನೇ ಕೇಳುವಂತೆ ಮಾಡಬಹುದು ಎಂದು ಅವರು ತೋರಿಸಿದರು. ಅಷ್ಟು ದೊಡ್ಡ ಕಂಪನಿಯ ಕಥೆ ಹೀಗಾದರೆ ನಮ್ಮದೇನು! ನಾವು ಮಾಡಿದ್ದಿಷ್ಟು: ಒಪ್ಪಿಗೆ ಪ್ಲಗಿನ್‌ಗೆ ಅಲ್ಲ, ಆ ಆವೃತ್ತಿಗೆ. ಒಂದು ಸಾಲು ಬದಲಾದರೂ ಪರೀಕ್ಷಾ ವಾಕ್ಯಗಳು ಮತ್ತೆ ಓಡಬೇಕು.

ಇಷ್ಟೆಲ್ಲ ನಿಯಮ ಬಂದಾಗ ಜಗಳವೂ ಬಂತು. ಮೊದಲ ವರ್ಷದ ಹುಡುಗಿಯೊಬ್ಬಳು ಗಾದೆ ಹೇಳುವ ಪ್ಲಗಿನ್ ಬರೆದು ತಂದಳು. ಅದು ಅವಳ ಜೀವನದ ಮೊದಲ ಪ್ರೋಗ್ರಾಂ ಇರಬೇಕು. ನಮ್ಮವನೊಬ್ಬ ಮೂವತ್ತು ತಕರಾರು ಬರೆದು ವಾಪಸ್ ಕಳಿಸಿದ. ಅವಳು ಮತ್ತೆ ಈ ಕಡೆ ಬರಲಿಲ್ಲ. ನನಗೆ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ಗಾದೆ ತಪ್ಪಾದರೆ ಯಾರ ಗಂಟು ಹೋಗುತ್ತದೆ? ದುಡ್ಡು, ದರ, ಕೊನೆಯ ದಿನಾಂಕ, ಆರೋಗ್ಯ, ಬಳಸುವವರ ಫೋನ್ ನಂಬರ್ ಇವನ್ನು ಮುಟ್ಟುವ ಪ್ಲಗಿನ್‌ಗಳಿಗೆ ಎಷ್ಟು ಬಿಗಿ ಇದ್ದರೂ ಕಡಿಮೆ. ಉಳಿದವಕ್ಕೆ ತಲೆಯ ಮೇಲಿನ ಆ ಕೆಲವು ಸಾಲು, ಇಬ್ಬರು ಒಡೆಯರು ಸಾಕು. ಈ ವಿಂಗಡಣೆಗೆ ಬಳಗದಲ್ಲಿ ಎರಡು ವಾರ ವಾದ ನಡೆದು ಕೊನೆಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಆ ಹುಡುಗಿ ಡ್ಯಾನ್ಸ್ ಕ್ಲಬ್ ಸೇರಿಯಾಗಿತ್ತು.

ಪರೀಕ್ಷಾ ವಾಕ್ಯ ಎಂದೆನಲ್ಲ, ನನ್ನ ಪ್ರಕಾರ ಜೀವ ಇರುವುದೇ ಅಲ್ಲಿ. ಬರೆದವರೇ ಪರೀಕ್ಷೆ ಮಾಡಿದರೆ ತಮಗೆ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತಾರೆ. ತಾನೇ ಪ್ರಶ್ನೆಪತ್ರಿಕೆ ತೆಗೆದು ತಾನೇ ಪಾಸಾದಂತೆ. ಅದಕ್ಕೇ ವಾಕ್ಯಗಳನ್ನು ಬೇರೆಯವರು ಕೊಡಬೇಕು, ಅದರಲ್ಲೂ ಕೆಲವಾದರೂ ಮನೆಯಿಂದ ಬರಬೇಕು. ಬರತೊಡಗಿದಾಗ ಗೊತ್ತಾಯಿತು ನಮ್ಮ ಬಾಟ್ ಎಷ್ಟು ಪುಸ್ತಕದ ಕನ್ನಡ ಕಲಿತಿದೆ ಎಂದು. ಜನ ‘ದರ’ ಎನ್ನುವುದಿಲ್ಲ, ‘ರೇಟು’ ಎನ್ನುತ್ತಾರೆ. ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಾರೆ. ಒಬ್ಬರ ತಾತ ಅಂಕಿಯನ್ನು ಕನ್ನಡದಲ್ಲೇ ಬರೆಯುತ್ತಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪ್ಲಗಿನ್‌ಗೆ ೧೨ ಎಂದರೆ ಸಂಖ್ಯೆಯೇ ಅಲ್ಲ. ಪೈಥಾನ್ ಮಾತ್ರ ಅದನ್ನು ಮರ್ಯಾದೆಯಿಂದ ಹನ್ನೆರಡು ಎಂದೇ ಓದುತ್ತದೆ. ‘ಕೊ’ ಎಂಬ ಒಂದೇ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಇವೆಲ್ಲ ಯಾವ ಸ್ಟಾರ್ ರೇಟಿಂಗ್‌ನಲ್ಲೂ ಕಾಣುವುದಿಲ್ಲ.

ಕೆಲವಕ್ಕೆ ಕೋಡಿಗಿಂತ ಊರು ಗೊತ್ತಿರಬೇಕು. ಕೊಬ್ಬರಿಯಲ್ಲಿ ಎರಡು ಬಗೆ, ಉಂಡೆ ಕೊಬ್ಬರಿ ಮತ್ತು ಎಣ್ಣೆಗೆ ಹೋಗುವ ಹೋಳು ಕೊಬ್ಬರಿ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ಉಂಡೆಗೆ ₹12,100, ಎಣ್ಣೆ ಕೊಬ್ಬರಿಗೆ ₹11,582. ವ್ಯತ್ಯಾಸ ₹518. ಕೇರಳದಲ್ಲಿ ಬರೀ ಕೊಬ್ಬರಿ ಎಂದರೆ ಸಾಮಾನ್ಯವಾಗಿ ಎರಡನೆಯದು, ನಮ್ಮ ತಿಪಟೂರು, ಹೊಸದುರ್ಗದ ಕಡೆ ಮೊದಲನೆಯದು. ಕೋಡ್ ಒಂದಿಷ್ಟೂ ತಪ್ಪಿಲ್ಲದ ಪ್ಲಗಿನ್ ಕೂಡ ನಮ್ಮ ಕಡೆಯ ರೈತನಿಗೆ ಎಣ್ಣೆ ಕೊಬ್ಬರಿಯ ಬೆಲೆ ಹೇಳಿಬಿಡಬಹುದು. ಅಂಥದ್ದನ್ನು ಹಿಡಿಯಲು ಬೆಂಗಳೂರಿನ ಟೆಸ್ಟರ್‌ಗಿಂತ ಮತ್ತೋಡಿನ ಸಂತೆಗೆ ಹೋಗಿಬಂದ ಪಿಯುಸಿ ಹುಡುಗ ಮೇಲು. (ನಮ್ಮೂರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು, ಬುಕಾನನ್ 1801ರ ಸುಮಾರಿಗೆ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದುಕೊಂಡಿದ್ದಾನೆ. ಬಳೆ ಕೊಳ್ಳುವವರೂ ಮಲಾರದವನ ಮಾತು ಕೇಳಿ ಸುಮ್ಮನಾಗುತ್ತಿರಲಿಲ್ಲ, ಕೈಗೆ ಏರಿಸಿಯೇ ನೋಡುತ್ತಿದ್ದರು.)

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ರೆಸ್ಯೂಮೆಯಲ್ಲಿ ‘ಚಾಟ್‌ಬಾಟ್ ಮಾಡಿದ್ದೇನೆ’ ಎಂಬ ಸಾಲು ಈಗ ಎಲ್ಲರದ್ದರಲ್ಲೂ ಇದೆ. ಬೇರೆಯವರ ಪ್ಲಗಿನ್ ತೆಗೆದುಕೊಂಡು, ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ಹತ್ತು ಕನ್ನಡ ವಾಕ್ಯಗಳಲ್ಲಿ ತೋರಿಸಿ, ಅದನ್ನು ಬರೆದವರಿಗೆ ಕಳಿಸಿಕೊಟ್ಟವರು ಬಹಳ ಇಲ್ಲ. ಮುಕ್ತ ತಂತ್ರಾಂಶದ ಯೋಜನೆಗಳಲ್ಲಿ ಇಂಥ ದೂರುಗಳು ನಿಮ್ಮ ಹೆಸರಿನಲ್ಲೇ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ. ಅದಕ್ಕೆ ಹೈ ಎಂಡ್ ಲ್ಯಾಪ್‌ಟಾಪ್ ಬೇಡ, ಕೋರ್ಸ್ ಫೀಸೂ ಬೇಡ.

ದರದ ಪ್ಲಗಿನ್‌ಗೆ ಈಗ ಐದನೇ ಸೆಮಿಸ್ಟರಿನ ಶ್ರೀರಾಂಪುರದ ಹುಡುಗನೊಬ್ಬ ಎರಡನೇ ಒಡೆಯ. ಉತ್ತರದ ಜೊತೆ ದಿನಾಂಕ ಬರುತ್ತದೆ. ದರ ಎರಡು ದಿನಕ್ಕಿಂತ ಹಳೆಯದಾದರೆ ‘ಹೊಸ ದರ ಸಿಕ್ಕಿಲ್ಲ, ಮಂಡಿಯಲ್ಲಿ ವಿಚಾರಿಸಿ’ ಎನ್ನುತ್ತದೆ. ಕೊಬ್ಬರಿ, ಗೊಬ್ಬರದ ಎರಡು ವಾಕ್ಯಗಳೂ ಪರೀಕ್ಷಾ ಪಟ್ಟಿಯ ಮೊದಲ ಸಾಲಿನಲ್ಲಿವೆ, ಎರಡೂ ಪಾಸು. ಪಾಸಾಗದೆ ಉಳಿದವುಗಳಲ್ಲಿ ಮೂರು ನಮ್ಮ ದೊಡ್ಡಪ್ಪ ಕೊಟ್ಟವು. ಅದರಲ್ಲೊಂದು, “ತಿಪ್ಟೂರಲ್ಲಿ ಉಂಡೆ ಏನ್ ಹೋಗೈತಂತೆ?” ಇದಕ್ಕೆ ಬಾಟ್ ಸದ್ಯಕ್ಕೆ ಎಳ್ಳುಂಡೆ ಮಾಡುವ ವಿಧಾನ ಹೇಳುತ್ತಿದೆ.